ಆಫ್ಘಾನಿಸ್ತಾನದಲ್ಲಿ ಲಿಫ್ಟ್ ಕೇಳಿಕೊಂಡು ಓಡಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರನ್ನೂ ಹೋಗಿಬನ್ನಿ ಎಂದು ಹುರಿದುಂಬಿಸಲು ಬರೆದದ್ದಲ್ಲ ಇದು. ಹೋಗಿಯೇ ತೀರುತ್ತೇನೆ ಅನ್ನುವವರು, ಈಗಾಗಲೇ ಕಾಬೂಲಿನ ಹೋಟೆಲಿನಲ್ಲಿ ಕೂತು ಮುಂದೇನು ಎಂದು ಯೋಚಿಸುತ್ತಿರುವವರು ಕೇಳುವ ಪ್ರಶ್ನೆಗಳಿಗೆ ಉತ್ತರಗಳು ಇಲ್ಲಿವೆ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಈ ದೇಶದಲ್ಲಿ ಲಿಫ್ಟ್ ಪಡೆಯುವವನಿಗಿಂತ ಕೊಡುವವನಿಗೇ ಎಷ್ಟೋ ಸಲ ಹೆಚ್ಚು ತೊಂದರೆ. ಕೆಳಗಿನ ಸಲಹೆಗಳಲ್ಲಿ ಬಹುಪಾಲು ಈ ಲೆಕ್ಕದ ಮೇಲೆಯೇ ನಿಂತಿವೆ.

ಯುದ್ಧ ಮುಗಿಯಿತಲ್ಲ, ಇನ್ನೂ ಯಾಕೆ ಅಪಾಯದ ಜಾಗ ಅನ್ನುತ್ತೀರಿ?

2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಹಿಡಿದ ಮೇಲೆ ಹೆದ್ದಾರಿಗಳಲ್ಲಿ ದಿನನಿತ್ಯ ನಡೆಯುತ್ತಿದ್ದ ಗುಂಡಿನ ಕಾಳಗ ನಿಂತಿದ್ದು ನಿಜ. ವಿದೇಶಿಯರು ಕನಸಿನಲ್ಲೂ ಹೋಗದಿದ್ದ ಕಾಬೂಲ್–ಕಂದಹಾರ್ ರಸ್ತೆಯಲ್ಲಿ ಈಗ ಶೇರ್ ಟ್ಯಾಕ್ಸಿ ಹತ್ತಿ ಓಡಾಡುತ್ತಾರೆ. ಆದರೆ ಐಸಿಸ್‌ನ ಖೊರಾಸಾನ್ ಶಾಖೆ ಇನ್ನೂ ಜೀವಂತವಾಗಿದೆ. 2024ರ ಮೇ 17ರಂದು ಬಾಮಿಯಾನ್ ಪೇಟೆಯಲ್ಲಿ ಗುಂಡು ಹಾರಿಸಿ ಮೂವರು ಸ್ಪೇನ್ ಪ್ರವಾಸಿಗರನ್ನೂ ಅವರ ಜೊತೆಗಿದ್ದ ಆಫ್ಘನ್ನರನ್ನೂ ಕೊಂದ ದಾಳಿಯನ್ನು ಆ ಗುಂಪು ತನ್ನದೆಂದು ಹೇಳಿಕೊಂಡಿತು. ಬಾಮಿಯಾನ್ ಎಂದರೆ ಇಡೀ ದೇಶದಲ್ಲೇ ಶಾಂತ ಜಾಗ ಎಂದು ಎಲ್ಲರೂ ಬೆರಳು ತೋರಿಸುತ್ತಿದ್ದ ಊರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದಾಯ್ಕುಂಡಿ ಮತ್ತು ಘೋರ್ ಪ್ರಾಂತ್ಯಗಳ ಗಡಿಯಲ್ಲಿ, ಕರ್ಬಲಾ ಯಾತ್ರೆಯಿಂದ ಮರಳುವವರನ್ನು ಎದುರುಗೊಳ್ಳಲು ಹೋಗಿದ್ದ ಹಜಾರಾ ಎಂಬ ಶಿಯಾ ಸಮುದಾಯದ 14 ಜನರನ್ನು ಕೊಂದದ್ದೂ ಅದೇ ಗುಂಪು.

ಇನ್ನು ಪಾಕಿಸ್ತಾನದ ಗಡಿ. 2025ರ ಅಕ್ಟೋಬರಿನಲ್ಲಿ ಎರಡು ಸೇನೆಗಳ ನಡುವೆ ನೇರ ಕಾಳಗ ನಡೆದು, ತೋರ್ಖಮ್ ಮತ್ತು ಚಮನ್ ದ್ವಾರಗಳು ಮುಚ್ಚಿದವು, ಕಾಬೂಲಿನಲ್ಲೂ ಸ್ಫೋಟಗಳಾದವು. ನಂಗರ್‌ಹಾರ್, ಕುನಾರ್, ಖೋಸ್ತ್, ಪಕ್ತಿಕಾ, ಕಂದಹಾರದ ಸ್ಪಿನ್ ಬೋಲ್ದಕ್ ಕಡೆ ಲಿಫ್ಟ್ ಕೇಳುವ ವಿಚಾರವನ್ನೇ ಬಿಡಿ.

ಮೂರನೆಯದು ಬಂಧನ. ಪ್ರವಾಸಿಯಾಗಿ ಹೋಗಿದ್ದ ಒಬ್ಬ ಅಮೆರಿಕನ್ 2022ರ ಡಿಸೆಂಬರಿನಲ್ಲಿ ಬಂಧನಕ್ಕೊಳಗಾಗಿ ಬಿಡುಗಡೆ ಕಂಡದ್ದು 2025ರ ಮಾರ್ಚಿನಲ್ಲಿ. ಪ್ರವಾಸಿಗರು ಬಾಂಬಿಗೆ ಹೆದರುತ್ತಾರೆ. ಅನುಮಾನಕ್ಕೆ ಹೆದರುವುದು ಹೆಚ್ಚು ಲೆಕ್ಕಾಚಾರದ ಮಾತು, ಯಾಕೆಂದರೆ ಅದು ಪ್ರತಿ ಚೆಕ್‌ಪೋಸ್ಟಿನಲ್ಲೂ ಎದುರಾಗುತ್ತದೆ.

ಸಿಕ್ಕಿಬಿದ್ದರೆ ಭಾರತದವರು ಯಾರು ಬರುತ್ತಾರೆ?

2022ರ ಜೂನ್‌ನಿಂದ ಕಾಬೂಲಿನಲ್ಲಿ ಭಾರತದ ತಾಂತ್ರಿಕ ತಂಡವಿತ್ತು. 2025ರ ಅಕ್ಟೋಬರಿನಲ್ಲಿ ಅದನ್ನು ಮತ್ತೆ ರಾಯಭಾರ ಕಚೇರಿಯ ಮಟ್ಟಕ್ಕೆ ಏರಿಸಲಾಯಿತು. ಕಂದಹಾರ್, ಹೆರಾತ್, ಮಜಾರ್-ಎ-ಶರೀಫ್ (ಮುಂದೆ ಬರೀ ಮಜಾರ್), ಜಲಾಲಾಬಾದ್‌ಗಳಲ್ಲಿ ಹಿಂದೆ ಇದ್ದ ದೂತಾವಾಸಗಳು 2020–21ರಲ್ಲೇ ಬಾಗಿಲು ಹಾಕಿದವು. ಅಂದರೆ ಹೆರಾತ್ ಹತ್ತಿರ ಏನಾದರೂ ಆದರೆ ಸಹಾಯ ಕಾಬೂಲಿನಿಂದಲೇ ಬರಬೇಕು. ಹೋಗುವ ಮುನ್ನ ರಾಯಭಾರ ಕಚೇರಿಗೆ ಪಾಸ್‌ಪೋರ್ಟ್ ಪ್ರತಿ, ಮನೆಯವರ ಫೋನ್ ನಂಬರ್, ಹೋಗುವ ಪ್ರಾಂತ್ಯಗಳ ಪಟ್ಟಿ ಇಮೇಲ್ ಮಾಡಿಡಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಯುದ್ಧ, ಭಯೋತ್ಪಾದನೆಯ ಭಾಗವನ್ನು ಹೊರಗಿಟ್ಟಿರುತ್ತಾರೆ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದದೆ ‘ವಿಮೆ ಇದೆ’ ಎಂದು ಧೈರ್ಯ ತಂದುಕೊಳ್ಳಬೇಡಿ.

ರಸ್ತೆಯಲ್ಲೇ ದೇಶದೊಳಗೆ ಹೋಗಬಹುದೇ?

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪಾಕಿಸ್ತಾನದ ಮೂಲಕ ದಾರಿ ಇಲ್ಲವೆಂದೇ ಲೆಕ್ಕ. ಇರಾನ್‌ನ ಜೊತೆಗಿನ ಇಸ್ಲಾಂ ಕಲಾ ಗಡಿ ಇದೆ. ಆದರೆ ಭಾರತೀಯರಿಗೆ ಕೊಟ್ಟಿದ್ದ ವೀಸಾ ವಿನಾಯಿತಿಯನ್ನು ಇರಾನ್ 2025ರ ನವೆಂಬರ್ 22ರಿಂದ ತಡೆಹಿಡಿಯಿತು, ಹಾಗಾಗಿ ಮೊದಲೇ ವೀಸಾ ಬೇಕು. ಉಜ್ಬೇಕಿಸ್ತಾನದ ತೆರ್ಮೆಜ್‌ನಿಂದ ಅಮು ದರಿಯಾ ದಾಟಿ ಹೈರತಾನ್‌ಗೆ ಬರುವುದು ರಸ್ತೆದಾರಿಗಳಲ್ಲೆಲ್ಲ ತಕ್ಕಮಟ್ಟಿಗೆ ಸಲೀಸು. ಅಲ್ಲಿಂದ ಮಜಾರ್‌ಗೆ ಒಂದೆರಡು ಗಂಟೆಯೊಳಗೆ ಶೇರ್ ಟ್ಯಾಕ್ಸಿ ಮುಟ್ಟಿಸುತ್ತದೆ. ಹೆಚ್ಚಿನವರು ದೆಹಲಿಯಿಂದ ಕಾಬೂಲಿಗೆ ಕಾಮ್ ಏರ್ ಅಥವಾ ಅರಿಯಾನಾ ವಿಮಾನ ಹತ್ತುತ್ತಾರೆ.

ಯುರೋಪಿನಲ್ಲಿರುವ ಕನ್ನಡಿಗರು ಗಮನಿಸಬೇಕಾದ್ದು: ಹಳೆಯ ಸರ್ಕಾರದ ನೇಮಕದವರು ನಡೆಸುತ್ತಿದ್ದ ಹಲವು ಆಫ್ಘನ್ ರಾಯಭಾರ ಕಚೇರಿಗಳ ಕಾಗದಗಳನ್ನು ಒಪ್ಪುವುದಿಲ್ಲವೆಂದು ಕಾಬೂಲ್ 2024ರ ಜುಲೈನಲ್ಲಿ ಹೇಳಿತು. ನಿಮಗೆ ವೀಸಾ ಕೊಡುವ ಕಚೇರಿ ಯಾವ ಕಡೆಯದೆಂದು ತಿಳಿಯದೆ ದುಡ್ಡು ಕಟ್ಟಬೇಡಿ.

ವೀಸಾ ಇದ್ದರೆ ಸಾಲದೇ? ಈ ಪರವಾನಗಿ ಪತ್ರ ಏನು?

ಸಾಲದು. ಚೆಕ್‌ಪೋಸ್ಟಿನ ಹುಡುಗ ವೀಸಾ ನೋಡುವುದಿಲ್ಲ. ಎಷ್ಟೋ ಜನಕ್ಕೆ ಅದನ್ನು ಓದಲೂ ಬರುವುದಿಲ್ಲ. ಅವನು ಕೇಳುವುದು ಪಷ್ತೋ ಅಥವಾ ದರಿಯಲ್ಲಿ ಬರೆದು ಮೊಹರು ಒತ್ತಿದ ಕಾಗದ, ಅಂದರೆ ‘ಮಕ್ತೂಬ್’. ಕೆಲಸದ ಕ್ರಮ ಹೀಗೆ:

1. ಕಾಬೂಲಿಗೆ ಬಂದ ಮರುದಿನವೇ ಮಾಹಿತಿ ಮತ್ತು ಸಂಸ್ಕೃತಿ ಸಚಿವಾಲಯದ ಪ್ರವಾಸೋದ್ಯಮ ವಿಭಾಗಕ್ಕೆ ಹೋಗಿ. ಪಾಸ್‌ಪೋರ್ಟ್, ವೀಸಾ ಪುಟದ ಪ್ರತಿಗಳು, ಫೋಟೋ ಒಯ್ಯಿರಿ. ಶುಕ್ರವಾರ ರಜೆ, ಗುರುವಾರ ಮಧ್ಯಾಹ್ನದ ಮೇಲೆ ಯಾರೂ ಸಿಗುವುದು ಕಷ್ಟ.
2. ನೀವು ಕಾಲಿಡುವ ಪ್ರತಿಯೊಂದು ಪ್ರಾಂತ್ಯದ ಹೆಸರೂ ಪತ್ರದಲ್ಲಿ ಇರಲಿ. ಹಾದುಹೋಗುವ ಪ್ರಾಂತ್ಯವನ್ನು ಬಿಡುವುದೇ ಎಲ್ಲರೂ ಮಾಡುವ ತಪ್ಪು. ಕಾಬೂಲಿನಿಂದ ಕಂದಹಾರಕ್ಕೆ ಹೋಗುವವರು ಮೈದಾನ್ ವರ್ದಕ್, ಘಜ್ನಿ, ಜಾಬುಲ್ ಮೂರನ್ನೂ ಬರೆಸಬೇಕು.
3. ಪ್ರತಿ ಪ್ರಾಂತ್ಯದ ರಾಜಧಾನಿಯಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆಗೆ ಹೋಗಿ ಪತ್ರ ತೋರಿಸಿ, ಸ್ಥಳೀಯ ಮೊಹರು ಅಥವಾ ಇನ್ನೊಂದು ಕಾಗದ ಪಡೆಯಿರಿ. ಊರು ನೋಡುವುದು ಆಮೇಲೆ.
4. ಪತ್ರದ 10–15 ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಕೆಲವು ಠಾಣೆಗಳಲ್ಲಿ ಒಂದು ಪ್ರತಿ ಇಟ್ಟುಕೊಂಡೇ ಬಿಡುತ್ತಾರೆ. ಮೂಲ ಪ್ರತಿ ಕೈಬಿಟ್ಟರೆ ಮತ್ತೆ ಕಾಬೂಲಿಗೆ ಬರಬೇಕು.

ಈಶಾನ್ಯ ಮೂಲೆಯ ವಾಖಾನ್ ಕಣಿವೆಗೆ ಇದು ಸಾಕಾಗುವುದಿಲ್ಲ. ಫೈಜಾಬಾದ್ ಮತ್ತು ಇಶ್ಕಾಶಿಮ್‌ಗಳಲ್ಲಿ ಬೇರೆ ಬೇರೆ ಕಚೇರಿಗಳ ಸಹಿ ಬೇಕು, ಒಂದೆರಡು ದಿನ ಅದಕ್ಕೇ ಹೋಗುತ್ತದೆ. ಶುಲ್ಕ ಆಗಾಗ ಬದಲಾಗುತ್ತದೆ. ರಸೀದಿ ಕೇಳಿ ಪಡೆಯಿರಿ.

ಹೆಬ್ಬೆರಳು ತೋರಿಸಿದರೆ ಗಾಡಿ ನಿಲ್ಲಿಸುತ್ತಾರಾ?

ಹೆಬ್ಬೆರಳು ಎತ್ತುವುದು ಈ ಭಾಗದಲ್ಲಿ ಹಳೆಯ ಬೈಗುಳದ ಸನ್ನೆ. ಈಗಿನ ಹುಡುಗರಿಗೆ ಫೋನಿನಲ್ಲಿ ನೋಡಿ ಅಭ್ಯಾಸವಾಗಿರಬಹುದು, ಗಡ್ಡ ಬೆಳ್ಳಗಾದ ಲಾರಿ ಚಾಲಕನಿಗೆ ಅಲ್ಲ. ತೋಳು ಚಾಚಿ, ಅಂಗೈ ನೆಲಕ್ಕೆ ಮುಖ ಮಾಡಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಸಾಕು, ನಮ್ಮ ಹಳ್ಳಿ ರಸ್ತೆಯಲ್ಲಿ ಬಸ್ ನಿಲ್ಲಿಸುವ ಹಾಗೆಯೇ.

ಗಾಡಿ ನಿಲ್ಲುತ್ತದೆ. ಪ್ರಶ್ನೆ ಅದಲ್ಲ. ದಾರಿಯಲ್ಲಿ ಹತ್ತಿದವರು ಬಾಡಿಗೆ ಕೊಡುವುದು ಇಲ್ಲಿನ ವಾಡಿಕೆ. ಪುಕ್ಕಟೆ ಪ್ರಯಾಣ ಅನ್ನುವುದು ಅತಿಥಿಗೆ ಕೊಡುವ ಮರ್ಯಾದೆ, ಹಕ್ಕಲ್ಲ. ಹತ್ತುವ ಮುಂಚೆಯೇ ‘ಕಿರಾಯಾ ಚಂದ್ ಅಸ್?’ ಎಂದು ಕೇಳಿ, ಬಾಡಿಗೆ ಎಷ್ಟು ಎಂದು ಅರ್ಥ. ಬೇಡ ಎಂದರೆ ಎರಡನೆಯ ಸಲವೂ ಕೇಳಿ, ಯಾಕೆಂದರೆ ಮೊದಲ ‘ಬೇಡ’ ಬರೀ ಸೌಜನ್ಯದ್ದಾಗಿರಬಹುದು. ಮೂರನೆಯ ಸಲವೂ ಬೇಡ ಎಂದರೆ ನಿಜವಾಗಿಯೂ ಬೇಡ. ಆಗ ದಾರಿಯ ಚಾಯ್‌ಖಾನೆಯಲ್ಲಿ ಚಹಾ, ರೊಟ್ಟಿಯ ದುಡ್ಡು ನೀವೇ ಮೊದಲು ಎದ್ದು ಕೊಟ್ಟುಬಿಡಿ.

ಜನರ ಆದಾಯ ತೀರಾ ಕುಸಿದಿರುವ ದೇಶದಲ್ಲಿ ‘ದುಡ್ಡಿಲ್ಲದೆ ದಾಟಿದೆ’ ಎಂಬ ಹೆಗ್ಗಳಿಕೆ ಯಾರ ಜೇಬಿನಿಂದ ಬಂತೆಂದು ಯೋಚಿಸುವುದು ಒಳ್ಳೆಯದು.

ಹಾಗಾದರೆ ಶೇರ್ ಟ್ಯಾಕ್ಸಿಯೇ ವಾಸಿಯಲ್ಲವೇ?

ಹೌದು, ಹತ್ತರಲ್ಲಿ ಒಂಬತ್ತು ಸಲ. ಊರಿಂದೂರಿಗೆ ಓಡುವವು ಹೆಚ್ಚಾಗಿ ಟೊಯೋಟಾ ಕರೋಲಾಗಳು. ಹಿಂದೆ ಉದ್ದ ಡಿಕ್ಕಿ ಇರುವ ಮಾದರಿಗೆ ‘ಸರಾಚಾ’ ಅನ್ನುತ್ತಾರೆ, ವ್ಯಾನಿಗೆ ‘ತೂನಿಸ್’. ನಿಲ್ದಾಣಕ್ಕೆ ‘ಅಡ್ಡಾ’ ಎಂದರೆ ತಿಳಿಯುತ್ತದೆ. ಕಾಬೂಲಿನಲ್ಲಿ ಉತ್ತರದ ಕಡೆಗೆ ಹೋಗುವ ಗಾಡಿಗಳು ಸರಾಯೆ ಶಮಾಲಿಯಿಂದ, ಘಜ್ನಿ–ಕಂದಹಾರದ ಕಡೆಗೆ ಕೋಟೆ ಸಂಗಿಯ ಕಡೆಯಿಂದ ಹೊರಡುತ್ತವೆ. ಸೀಟು ತುಂಬಿದ ಮೇಲೆ ಹೊರಡುವುದು. ಬೆಳಿಗ್ಗೆ 5–6 ಗಂಟೆಗೆ ಹೋದರೆ ಬೇಗ ತುಂಬುತ್ತದೆ, 10 ಗಂಟೆಯ ಮೇಲೆ ಕಾಯುತ್ತಾ ಕೂರಬೇಕು. ಆತುರವಿದ್ದರೆ ಖಾಲಿ ಸೀಟಿನ ಬಾಡಿಗೆಯನ್ನೂ ಕೊಟ್ಟು ಹೊರಡಿಸಬಹುದು.

ಇದರಲ್ಲಿರುವ ದೊಡ್ಡ ಅನುಕೂಲವೆಂದರೆ ಆ ಚಾಲಕ ದಿನವೂ ಅದೇ ದಾರಿಯಲ್ಲಿ ಓಡಾಡುವವನು. ಚೆಕ್‌ಪೋಸ್ಟಿನವರಿಗೆ ಅವನ ಮುಖ ಗೊತ್ತು. ‘ಪ್ರಯಾಣಿಕ, ಅಡ್ಡಾದಲ್ಲಿ ಹತ್ತಿದ, ದುಡ್ಡು ಕೊಟ್ಟಿದ್ದಾನೆ’ ಎಂದರೆ ಮಾತು ಮುಗಿಯಿತು. ಖಾಸಗಿ ಕಾರಿನವನಾದರೆ ಇವನನ್ನು ಎಲ್ಲಿ ಹತ್ತಿಸಿಕೊಂಡೆ, ಯಾಕೆ, ಮೊದಲೇ ಪರಿಚಯವಾ, ಏನು ಕೊಟ್ಟ ಎಂಬ ಪ್ರಶ್ನೆಗಳ ಸಾಲೇ ಶುರುವಾಗುತ್ತದೆ. ನೀವು ವಿದೇಶಿ, ಹೆಚ್ಚಿನ ಸಲ ಹೊರಗೆ ಕಳಿಸಿ ಸುಮ್ಮನಾಗುತ್ತಾರೆ. ಅವನು ಅಲ್ಲೇ ಬಾಳಬೇಕಾದವನು.

ಲಿಫ್ಟ್ ನಿಜವಾಗಿ ಬೇಕಾಗುವುದು ಟ್ಯಾಕ್ಸಿ ಓಡದ ಕಡೆ: ಬಾಮಿಯಾನ್‌ನಿಂದ ಯಕಾವ್‌ಲಂಗ್ ದಾಟಿ ಘೋರ್ ಕಡೆಗೆ ಹೋಗುವ ಮಣ್ಣುದಾರಿ, ವಾಖಾನ್, ದೇಶವನ್ನು ಸುತ್ತುಹಾಕುವ ವರ್ತುಲ ಹೆದ್ದಾರಿಯಲ್ಲಿ ದಶಕಗಳಿಂದ ಅರ್ಧಕ್ಕೇ ನಿಂತಿದ್ದ ಕೈಸಾರ್–ಬಾಲಾ ಮುರ್ಗಾಬ್ ಭಾಗ. ಇಲ್ಲಿ ಲಾರಿಗಳೇ ಗತಿ.

ಯಾವ ಗಾಡಿಗೆ ಕೈ ತೋರಿಸಬೇಕು, ಯಾವುದಕ್ಕೆ ಬೇಡ?

ಹಿಟ್ಟು, ಕಲ್ಲಿದ್ದಲು, ಸಿಮೆಂಟ್ ಹೊತ್ತ ಕಾಮಾಜ್ ಮತ್ತು ಹಳೆಯ ಬೆಂಜ್ ಲಾರಿಗಳು ನಿಧಾನ, ಆದರೆ ನಂಬಬಹುದು. ಚಾಲಕನ ಪಕ್ಕದಲ್ಲಿ ಕ್ಲೀನರ್ ಇರುತ್ತಾನೆ; ಕ್ಯಾಬಿನ್ನಿನಲ್ಲಿ ಜಾಗವಿದ್ದರೆ ಮಾತ್ರ ಹತ್ತಿ. ಲೋಡಿನ ಮೇಲೆ ಕೂರಬೇಡಿ, ಘಟ್ಟದ ತಿರುವಿನಲ್ಲಿ ಮೂಟೆ ಜಾರಿದರೆ ನೀವೂ ಹೋದಂತೆ.

ಬೇಡವೇ ಬೇಡ ಅನ್ನುವವು ಇಷ್ಟು. ಹೆಂಗಸರು ಕೂತ ಯಾವುದೇ ಕಾರು: ಗಂಡಸು ಪ್ರವಾಸಿ ಅದರ ಹತ್ತಿರ ಹೋಗುವುದೇ ಅವಮಾನ. ಬಿಳಿ ಬಾವುಟ ಹಾರಿಸುವ ಪಿಕಪ್, ರೇಂಜರ್, ಹಮ್ವಿ: ತಾಲಿಬಾನ್ ಗಾಡಿಗಳು ಖುಷಿಯಿಂದಲೇ ಹತ್ತಿಸಿಕೊಳ್ಳುತ್ತವೆ, ಆದರೆ ಐಸಿಸ್‌ನವರು ದಾರಿಬದಿಯಲ್ಲಿ ಬಾಂಬ್ ಇಡುವುದು ಅಂಥ ಗಾಡಿಗಳಿಗೇ. ತೈಲ, ಅನಿಲದ ಟ್ಯಾಂಕರ್: ಕಾರಣ ಕೆಳಗೆ ಸಾಲಂಗ್ ಘಟ್ಟದ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿದೆ. ಒಬ್ಬನೇ ಪ್ರಯಾಣಿಸುವವರು ಮೂರು-ನಾಲ್ಕು ಯುವಕರಿರುವ, ನಂಬರ್ ಪ್ಲೇಟ್ ಇಲ್ಲದ ಕಾರನ್ನೂ ಬಿಟ್ಟುಬಿಡಿ.

ಎಲ್ಲಿ ನಿಲ್ಲಬೇಕು?

ಊರಿನ ಕೊನೆಯ ಪೆಟ್ರೋಲ್ ಬಂಕಿನ ಮುಂದೆ, ಅಥವಾ ಲಾರಿಗಳು ನಿಲ್ಲುವ ಚಾಯ್‌ಖಾನೆಯ ಮುಂದೆ. ಚೆಕ್‌ಪೋಸ್ಟಿನ ಎದುರು ನಿಂತು ಕೈ ತೋರಿಸಬೇಡಿ; ಅಲ್ಲಿನವರಿಗೆ ಸಂಜೆವರೆಗೂ ನೀವೇ ಕೆಲಸವಾಗುತ್ತೀರಿ. ಕೆಲವು ಕಡೆ ಕಾವಲಿನವರೇ ಲಾರಿ ನಿಲ್ಲಿಸಿ ‘ಇವನನ್ನು ಕರೆದೊಯ್ಯಿ’ ಎಂದು ಹುಕುಂ ಮಾಡುತ್ತಾರೆ. ಉಪಕಾರದಂತೆ ಕಂಡರೂ ಆ ಚಾಲಕನಿಗೆ ಬೇಡ ಅನ್ನುವ ಆಯ್ಕೆ ಇರುವುದಿಲ್ಲ. ಅಂಥ ಸಂದರ್ಭದಲ್ಲಿ ಸ್ವಲ್ಪ ದೂರ ಹೋದ ಮೇಲೆ ಬಾಡಿಗೆ ಕೊಟ್ಟೇಬಿಡಿ, ಅವನು ಬಯಸಿದರೆ ಮುಂದಿನ ಊರಲ್ಲೇ ಇಳಿಯಿರಿ.

ಬೆಳಗಿನ ಬಿಸಿಲು ಬಂದ ಮೇಲೆ ಹೊರಡಿ, ಮಧ್ಯಾಹ್ನ 3 ಗಂಟೆಗೆ ಹುಡುಕಾಟ ನಿಲ್ಲಿಸಿ. ರಾತ್ರಿ ದೀಪವಿಲ್ಲದ ರಸ್ತೆಯಲ್ಲಿ ಆಗುವ ಅಪಘಾತಗಳೇ ಒಂದು ಕಾರಣ. ಕತ್ತಲಲ್ಲಿ ಚೆಕ್‌ಪೋಸ್ಟಿನವರ ಕೈ ಬಂದೂಕಿನ ಹತ್ತಿರವೇ ಇರುತ್ತದೆ, ಅದು ಇನ್ನೊಂದು.

ಚೆಕ್‌ಪೋಸ್ಟಿನಲ್ಲಿ ಹೇಗಿರಬೇಕು?

ದೂರದಿಂದಲೇ ಕನ್ನಡಕ ತೆಗೆಯಿರಿ, ಫೋನ್ ಜೇಬಿಗೆ ಹಾಕಿ, ಕಿಟಕಿ ಇಳಿಸಿ. ಕೈಗಳು ತೊಡೆಯ ಮೇಲೆ ಕಾಣುವಂತಿರಲಿ. ಮೊದಲ ಮಾತು ಚಾಲಕನದು. ನೀವು ನಡುವೆ ಬಾಯಿ ಹಾಕಬೇಡಿ. ನಿಮ್ಮ ಕಡೆ ತಿರುಗಿದಾಗ ಬಲಗೈ ಎದೆಗಿಟ್ಟು ಸಲಾಂ ಹೇಳಿ, ಪತ್ರದ ಪ್ರತಿಯನ್ನು ಬಲಗೈಯಿಂದ ಕೊಡಿ. ಕೇಳಿದರೆ ಮಾತ್ರ ಪಾಸ್‌ಪೋರ್ಟ್. ಇಳಿ ಎಂದರೆ ಇಳಿಯಿರಿ, ಹೇಳದೆ ಬಾಗಿಲು ತೆರೆಯಬೇಡಿ. ಬ್ಯಾಗ್ ತೆರೆಯಲು ಹೇಳಿದರೆ ನೀವೇ ತೆರೆದು ಹಿಂದೆ ಸರಿದು ನಿಲ್ಲಿ.

ಪಷ್ತೋ ಆಡುವ ಕಡೆ ‘ಜ ಮುಸಾಫಿರ್ ಯಮ್’, ದರಿ ಆಡುವ ಕಡೆ ‘ಮ ಅಜ್ ಹಿಂದುಸ್ತಾನ್ ಅಸ್ತುಮ್’ ಎಂಬಷ್ಟು ಕಲಿತಿರಿ. ಮೊದಲನೆಯದು ‘ನಾನು ಪ್ರಯಾಣಿಕ’, ಎರಡನೆಯದು ‘ನಾನು ಭಾರತದವನು’. ಹಿಂದಿ ಬಂದರೆ ದೊಡ್ಡ ಅನುಕೂಲ. ಸಿನಿಮಾದಿಂದ ಮತ್ತು ಪೇಶಾವರ, ಕರಾಚಿಯಲ್ಲಿ ನಿರಾಶ್ರಿತರಾಗಿದ್ದ ವರ್ಷಗಳಿಂದ ಬಹಳ ಜನರಿಗೆ ಅದು ಅರ್ಥವಾಗುತ್ತದೆ. ಆದರೆ ಗಡಿಭಾಗದಲ್ಲಿ ನಿಮ್ಮ ಹಿಂದಿ ಅವರ ಕಿವಿಗೆ ಪಾಕಿಸ್ತಾನದ ಉರ್ದುವಿನಂತೆ ಕೇಳಿಸಬಹುದು. ಹಾಗಾಗಿ ಮೊದಲ ವಾಕ್ಯದಲ್ಲೇ ಹಿಂದುಸ್ತಾನ್ ಎಂದು ಹೇಳಿಬಿಡುವುದು ಕ್ಷೇಮ.

ವಿಚಾರಣೆಗೆಂದು ಠಾಣೆಗೆ ಕರೆದೊಯ್ದರೆ ಗಂಟೆಗಟ್ಟಲೆ ಕೂರಿಸಿ ಚಹಾ ಕೊಡುತ್ತಾರೆ, ಅದೇ ಪ್ರಶ್ನೆಯನ್ನು ಬೇರೆ ಬೇರೆಯವರು ಕೇಳುತ್ತಾರೆ. ಉತ್ತರ ಪ್ರತಿ ಸಲವೂ ಒಂದೇ ಆಗಿರಲಿ. ತಮಾಷೆ ಬೇಡ. ‘ಪತ್ರಕರ್ತ’, ‘ಸೇನೆ’, ‘ಎನ್‌ಜಿಒ’ ಎಂಬ ಪದಗಳು ಬಾಯಿಂದ ಹೊರಬಿದ್ದರೆ ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ. ಹಾಗೆಂದು ಸುಳ್ಳು ಉದ್ಯೋಗ ಹೇಳಬೇಡಿ, ನಿಮ್ಮ ಹೆಸರನ್ನು ಅವರೂ ಅಂತರ್ಜಾಲದಲ್ಲಿ ಹುಡುಕಬಲ್ಲರು.

ಫೋನ್ ನೋಡುತ್ತಾರಾ?

ನೋಡುತ್ತಾರೆ. ಗ್ಯಾಲರಿ, ವಾಟ್ಸ್ಆ್ಯಪ್, ಕೆಲವೊಮ್ಮೆ ಮ್ಯಾಪಿನಲ್ಲಿ ಗುರುತು ಹಾಕಿದ ಜಾಗಗಳು. ಸೇನಾನೆಲೆ, ಚೆಕ್‌ಪೋಸ್ಟ್, ಸೇತುವೆ, ಹೆಂಗಸರ ಫೋಟೋ ಒಂದೂ ಇರಬಾರದು. ‘ಅಳಿಸಿದವು’ ಫೋಲ್ಡರನ್ನೂ ಖಾಲಿ ಮಾಡಿ. ಪೂರ್ತಿ ಖಾಲಿ ಫೋನ್ ಕೂಡ ಅನುಮಾನಕ್ಕೆ ದಾರಿ, ಮನೆಯವರ, ಊಟದ, ಬೆಟ್ಟದ ಚಿತ್ರಗಳು ಇರಲಿ. 2024ರ ಆಗಸ್ಟಿನಲ್ಲಿ ಬಂದ 35 ವಿಧಿಗಳ ನೈತಿಕತೆಯ ಕಾನೂನು ಜೀವಿಗಳ ಚಿತ್ರ ಪ್ರಕಟಿಸುವುದನ್ನೇ ನಿಷೇಧಿಸುತ್ತದೆ. ಜಾರಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಕಂದಹಾರದಲ್ಲಿ ಬಿಗಿ, ಕಾಬೂಲಿನಲ್ಲಿ ಸಡಿಲ. ಬಿಳಿ ನಿಲುವಂಗಿ ತೊಟ್ಟು ಓಡಾಡುವವರು ಆ ಕಾನೂನನ್ನು ಜಾರಿಮಾಡುವ ಇಲಾಖೆಯವರು, ‘ಅಮ್ರ್ ಬಿಲ್ ಮಾರೂಫ್’.

ಡ್ರೋನ್ ತರಲೇಬೇಡಿ. ಉಪಗ್ರಹ ಸಂದೇಶ ಯಂತ್ರಗಳ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಪರವಾನಗಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಭಾರತದಲ್ಲೇ ಅಪರಾಧ, ದೆಹಲಿ ವಿಮಾನ ನಿಲ್ದಾಣದಲ್ಲೇ ಪ್ರವಾಸ ಮುಗಿಯಬಹುದು. ದಾಟಿಸಿಕೊಂಡು ಹೋದರೂ ಅಲ್ಲಿ ಅದು ಗೂಢಚಾರನ ಸಾಮಾನಿನಂತೆ ಕಾಣುತ್ತದೆ.

ಹೆಂಗಸರು ಲಿಫ್ಟ್ ಕೇಳಬಹುದೇ?

ಒಬ್ಬರೇ ಆದರೆ ಬೇಡ. 72 ಕಿಲೋಮೀಟರಿಗಿಂತ ದೂರ ಹೋಗುವ ಹೆಂಗಸಿನ ಜೊತೆ ಹತ್ತಿರದ ಗಂಡು ಬಂಧು ಇರಬೇಕೆಂಬ ಸೂಚನೆ 2021ರ ಡಿಸೆಂಬರಿನಲ್ಲೇ ಬಂತು. 2024ರ ಕಾನೂನು ಬಂಧುವಿಲ್ಲದ ಹೆಂಗಸನ್ನು ಹತ್ತಿಸಿಕೊಳ್ಳುವುದನ್ನು ಚಾಲಕನ ತಪ್ಪಾಗಿಸಿತು. ವಿದೇಶಿ ಮಹಿಳೆಯನ್ನು ನೋಡಿಯೂ ನೋಡದಂತೆ ಬಿಡುವ ಚೆಕ್‌ಪೋಸ್ಟ್‌ಗಳಿವೆ. ಆದರೆ ಬಿಡದಿದ್ದಾಗ ಶಿಕ್ಷೆ ಗಾಡಿಯವನಿಗೆ. ಗಂಡ ಹೆಂಡತಿ ಜೊತೆಯಾಗಿದ್ದರೆ ಶೇರ್ ಟ್ಯಾಕ್ಸಿಯ ಹಿಂದಿನ ಸೀಟು ಪೂರ್ತಿ ಪಡೆದುಕೊಳ್ಳಿ, ಮದುವೆ ಪ್ರಮಾಣಪತ್ರದ ಪ್ರತಿ ಒಯ್ಯಿರಿ. ಬಂದ್-ಎ-ಅಮೀರ್ ಸರೋವರಗಳಿಗೆ ಹೆಂಗಸರು ಹೋಗದಂತೆ 2023ರ ಆಗಸ್ಟಿನಲ್ಲಿ ತಡೆ ಹಾಕಿದ್ದೂ ನೆನಪಿರಲಿ.

ನೆಲಬಾಂಬ್ ಈಗಲೂ ಇವೆಯೇ?

ಇವೆ, ಮತ್ತು ಎಲ್ಲ ಕಾಲದವೂ ಇವೆ. ಸೋವಿಯತ್ ಸೇನೆ ಆಕಾಶದಿಂದ ಉದುರಿಸಿದ ಚಿಟ್ಟೆಯಾಕಾರದ ಪ್ಲಾಸ್ಟಿಕ್ ಬಾಂಬುಗಳಿಂದ ಹಿಡಿದು, ಹೆಲ್ಮಂದ್‌ನಲ್ಲಿ ಹಳದಿ ಎಣ್ಣೆ ಕ್ಯಾನುಗಳಲ್ಲಿ ತುಂಬಿ ಹೂತ ನಾಡ ಬಾಂಬುಗಳವರೆಗೆ. ಚಿಟ್ಟೆಬಾಂಬ್ ಅಂಗೈಯಗಲ, ಸುಮಾರು 5 ಕಿಲೋ ಒತ್ತಡ ಬಿದ್ದರೆ ಸಾಕು. ಒಮ್ಮೆ ಸಿದ್ಧವಾದದ್ದನ್ನು ನಿಷ್ಕ್ರಿಯಗೊಳಿಸಲು ಬರುವುದಿಲ್ಲ, ಇದ್ದಲ್ಲೇ ಸಿಡಿಸಬೇಕು. ಆಟಿಕೆಯೆಂದು ಮುಟ್ಟಿ ಕೈ ಕಳೆದುಕೊಂಡವರಲ್ಲಿ ಮಕ್ಕಳೇ ಹೆಚ್ಚು.

ಕಲ್ಲಿಗೆ ಬಳಿದ ಬಣ್ಣ ಓದಲು ಕಲಿಯಿರಿ. ಕೆಂಪು ಅಂದರೆ ಆ ಕಡೆ ತೆರವಾಗಿಲ್ಲ, ಬಿಳಿ ಅಂದರೆ ತೆರವಾಗಿದೆ. ಅರ್ಧ ಕೆಂಪು ಅರ್ಧ ಬಿಳಿ ಬಳಿದ ಕಲ್ಲಾದರೆ ಬಿಳಿ ಮುಖ ಇರುವ ಕಡೆ ಮಾತ್ರ ನಡೆಯಬಹುದು. ಆದರೆ ಬಣ್ಣ ಬಿಸಿಲಿಗೆ ಮಾಸುತ್ತದೆ, ಪ್ರವಾಹ ಕಲ್ಲನ್ನೂ ಬಾಂಬನ್ನೂ ಜಾಗ ಬದಲಾಯಿಸುತ್ತದೆ. ಆದ್ದರಿಂದ ಗುರುತಿಲ್ಲದ ನೆಲ ಸುರಕ್ಷಿತ ಎಂದು ತಿಳಿಯಬೇಡಿ.

ಲಿಫ್ಟ್‌ನಲ್ಲಿ ಹೋಗುವವರು ಎಡವುವುದು ಮೂತ್ರಕ್ಕೆ ಇಳಿದಾಗ. ಮರೆ ಹುಡುಕಿಕೊಂಡು ಬಂಡೆಯ ಹಿಂದೆ, ಪಾಳುಬಿದ್ದ ಮಣ್ಣಿನ ಗೋಡೆಯ ಹಿಂದೆ ಹೋಗಬೇಡಿ. ಹಳೆಯ ಕಾವಲು ಠಾಣೆಗಳ ಸುತ್ತ ಬಾಂಬ್ ಹೂಳುವುದು ವಾಡಿಕೆಯಾಗಿತ್ತು. ಡಾಂಬರಿನ ಮೇಲೆ ಅಥವಾ ಗಾಡಿಯ ಚಕ್ರದ ಗುರುತಿನ ಮೇಲೆಯೇ ನಿಲ್ಲಿ. ಅಲ್ಲಿನ ಗಂಡಸರು ಗಾಡಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ, ನೀವೂ ಹಾಗೇ ಮಾಡಿ. ತಪ್ಪಿ ಒಳಗೆ ಹೋದಿರೆಂದು ಗೊತ್ತಾದರೆ ಅಲ್ಲೇ ನಿಂತು ಕೂಗಿ. ಯಾರೂ ಇಲ್ಲದಿದ್ದರೆ ನಿಮ್ಮದೇ ಹೆಜ್ಜೆ ಗುರುತಿನ ಮೇಲೆ ಹೆಜ್ಜೆಯಿಟ್ಟು ಹಿಂದಕ್ಕೆ ಬನ್ನಿ.

ಸಾಲಂಗ್ ಘಟ್ಟದ ಬಗ್ಗೆ ಯಾಕೆ ಇಷ್ಟು ಹೆದರಿಸುತ್ತಾರೆ?

ಕಾಬೂಲಿನಿಂದ ಮಜಾರ್‌ಗೆ ಹೋಗುವ ಸುಮಾರು 430 ಕಿಲೋಮೀಟರ್ ದಾರಿ ಹಿಂದೂಕುಶ್ ದಾಟುವುದು ಇಲ್ಲೇ. 1964ರಲ್ಲಿ ಸೋವಿಯತ್ ನೆರವಿನಿಂದ ತೆರೆದ ಸುರಂಗ, ಉದ್ದ 2.6 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು, ಎತ್ತರ ಸುಮಾರು 3,400 ಮೀಟರ್. ಒಳಗೆ ಬೆಳಕು ಕಡಿಮೆ, ಗಾಳಿ ಹೊರಹಾಕುವ ವ್ಯವಸ್ಥೆ ದುರ್ಬಲ, ಡೀಸೆಲ್ ಹೊಗೆ ಸದಾ ದಟ್ಟ. 2022ರ ಡಿಸೆಂಬರಿನಲ್ಲಿ ಒಳಗೇ ತೈಲ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ 19ಕ್ಕೂ ಹೆಚ್ಚು ಜನ ಸತ್ತರು. 2010ರ ಫೆಬ್ರುವರಿಯಲ್ಲಿ ಹಿಮಕುಸಿತಗಳು ಇದೇ ರಸ್ತೆಯಲ್ಲಿ 160ಕ್ಕೂ ಹೆಚ್ಚು ಜನರನ್ನು ಹೂತುಹಾಕಿದವು.

ಸುರಂಗದೊಳಗೆ ಗಾಡಿಗಳ ಸಾಲು ನಿಂತರೆ ಚಾಲಕನಿಗೆ ಎಂಜಿನ್ ಆರಿಸಲು ಹೇಳಿ. ತಲೆನೋವು, ವಾಕರಿಕೆ ಶುರುವಾದರೆ ಅದನ್ನು ಎತ್ತರದ ಕಾರಣ ಎಂದು ತಳ್ಳಿಹಾಕಬೇಡಿ, ವಿಷಾನಿಲವೂ ಇರಬಹುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಿಮ ಬಿದ್ದ ಮರುದಿನ ಹೊರಡಬೇಡಿ. ಚಕ್ರಕ್ಕೆ ಸರಪಳಿ ಇಲ್ಲದ ಗಾಡಿ ಹತ್ತಬೇಡಿ.

ಒಟ್ಟಾರೆ ನೋಡಿದರೆ ಈ ದೇಶದಲ್ಲಿ ಪ್ರವಾಸಿಗೆ ಬಂದೂಕಿಗಿಂತ ರಸ್ತೆಯೇ ಹೆಚ್ಚು ಅಪಾಯ. 2024ರ ಡಿಸೆಂಬರಿನಲ್ಲಿ ಘಜ್ನಿಯ ಹತ್ತಿರ ಒಂದೇ ಹೆದ್ದಾರಿಯಲ್ಲಿ ಎರಡು ಬಸ್ ಅಪಘಾತಗಳಲ್ಲಿ ಸುಮಾರು 50 ಜನ ಹೋದರು. 2025ರ ಆಗಸ್ಟಿನಲ್ಲಿ ಹೆರಾತ್‌ನಲ್ಲಿ, ಇರಾನ್‌ನಿಂದ ಹೊರಹಾಕಲ್ಪಟ್ಟು ಬರುತ್ತಿದ್ದವರ ಬಸ್ಸಿಗೆ ಬೆಂಕಿ ಹತ್ತಿ 70ಕ್ಕೂ ಹೆಚ್ಚು ಜನ ಸತ್ತರು. ನಿದ್ದೆಗೆಟ್ಟ ಚಾಲಕ, ಎದುರಿನಿಂದ ಬರುವ ಗಾಡಿ ನೋಡದೆ ಮುಂದೆ ಹೋಗುವ ಚಟ, ಹಳೆಯ ಬಾಂಬ್ ಗುಂಡಿಗಳು: ಕಾರಣಗಳು ಇವೇ. ಚಾಲಕನ ಕಣ್ಣು ಮುಚ್ಚುತ್ತಿದ್ದರೆ ಚಹಾ ಕುಡಿಯುವ ನೆಪದಲ್ಲಿ ನಿಲ್ಲಿಸಿ, ಇಳಿದುಬಿಡಿ.

ದುಡ್ಡು ಹೇಗೆ ಒಯ್ಯಬೇಕು?

ನಗದು ಡಾಲರ್. ನಮ್ಮ ಕಾರ್ಡುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ನೋಟುಗಳು ಹೊಸವಾಗಿರಲಿ, ಮಡಿಕೆ, ಶಾಯಿ ಗುರುತು ಇದ್ದರೆ ಕಡಿಮೆ ದರ. ಕಾಬೂಲಿನಲ್ಲಿ ಸರಾಯ್ ಶಹಜಾದಾ ಮಾರುಕಟ್ಟೆಯಲ್ಲಿ ಬದಲಾಯಿಸಿ. ವ್ಯವಹಾರದಲ್ಲಿ ವಿದೇಶಿ ಹಣ ಬಳಸುವುದನ್ನು 2021ರ ನವೆಂಬರಿನಲ್ಲಿ ನಿಷೇಧಿಸಿದ್ದಾರೆ, ಹಾಗಾಗಿ ಲಾರಿಯವನಿಗೆ ಡಾಲರ್ ಚಾಚಬೇಡಿ. ದಿನದ ಖರ್ಚಿನ 20, 50, 100 ಅಫ್ಘಾನಿ (ಅಲ್ಲಿನ ಹಣ) ನೋಟುಗಳು ಮೇಲಿನ ಜೇಬಿನಲ್ಲಿ, ಉಳಿದದ್ದು ಎರಡು ಬೇರೆ ಜಾಗಗಳಲ್ಲಿ.

ನಿನ್ನ ಧರ್ಮ ಯಾವುದು ಎಂದು ಕೇಳಿದರೆ?

ಕೇಳುತ್ತಾರೆ, ಪ್ರತಿ ಗಾಡಿಯಲ್ಲೂ ಕೇಳುತ್ತಾರೆ. ಹಿಂದೂ ಎಂದರೆ ಹಿಂದೂ ಎಂದೇ ಹೇಳಿ, ಸಿಖ್ಖರು ಮತ್ತು ಹಿಂದೂಗಳು ತಲೆಮಾರುಗಳಿಂದ ಬಾಳಿದ ನೆಲ ಅದು, ಪದ ಹೊಸದಲ್ಲ. ಮತಾಂತರವಾಗು ಎಂಬ ಪ್ರೀತಿಯ ಆಹ್ವಾನ ಬಂದರೆ ನಕ್ಕು ಎದೆಗೆ ಕೈಯಿಟ್ಟು ಮಾತು ಬದಲಿಸಿ. ದೇವರೇ ಇಲ್ಲ ಅನ್ನುವ ಚರ್ಚೆ ಬೇಡ. ಶಹಾದಾವನ್ನು, ಅಂದರೆ ಇಸ್ಲಾಂ ಸ್ವೀಕರಿಸುವ ಸಾಕ್ಷ್ಯವಚನವನ್ನು, ತಮಾಷೆಗೆ ಹೇಳಿ ತೋರಿಸುವುದಂತೂ ಬೇಡವೇ ಬೇಡ. ಹೇಳಿದರೆ ಮುಸ್ಲಿಮನಾದೆ, ಹಿಂತೆಗೆದರೆ ಧರ್ಮ ಬಿಟ್ಟೆ ಎಂದಾಗುತ್ತದೆ. 2022ರ ಜೂನ್‌ನಲ್ಲಿ ಕಾಬೂಲಿನ ಕಾರ್ತೆ ಪರ್ವಾನ್ ಗುರುದ್ವಾರದ ಮೇಲೆ ದಾಳಿಯಾಯಿತು. ಹಿಂದೂ-ಸಿಖ್ ಸ್ಥಳಗಳಿಗೆ ಭೇಟಿ ಕೊಡುವ ಸಮಯವನ್ನು ಮುಂಚೆ ಯಾರಿಗೂ ಹೇಳಬೇಡಿ.

ಸಸ್ಯಾಹಾರಿಗಳ ಗತಿ?

ಬದುಕಬಹುದು. ಬಿಸಿ ನಾನ್, ಹಸಿರು ಚಹಾ, ಲೋಬಿಯಾ ಅಂದರೆ ಕಾಳಿನ ಸಾರು, ಬದನೆಯ ಬೋರಾನಿ, ಆಲೂ ಅಥವಾ ಸೊಪ್ಪು ತುಂಬಿದ ಬೋಲಾನಿ ಸಿಗುತ್ತವೆ. ಪಲಾವಿನಿಂದ ಮಾಂಸದ ತುಂಡು ಎತ್ತಿಟ್ಟರೂ ಅನ್ನ ಬೆಂದದ್ದು ಮಾಂಸದ ರಸದಲ್ಲೇ. ‘ಗೋಶ್ತ್ ನಮೇಖೋರುಮ್’, ಮಾಂಸ ತಿನ್ನುವುದಿಲ್ಲ ಎಂದರೆ ಅರ್ಥವಾಗುತ್ತದೆ, ಕಾಯಿಲೆಯಾ ಎಂದು ಕನಿಕರವನ್ನೂ ಪಡುತ್ತಾರೆ. ಒಣದ್ರಾಕ್ಷಿ, ಬಾದಾಮಿ ಅರ್ಧ ಕಿಲೋ ಬ್ಯಾಗಿನಲ್ಲಿರಲಿ.

ರಾತ್ರಿ ಎಲ್ಲಿ?

ಚಾಯ್‌ಖಾನೆಯ ಜಗಲಿಯಲ್ಲಿ ಊಟ ಮಾಡಿದವರಿಗೆ ಮಲಗಲು ಬಿಡುತ್ತಾರೆ, ಲಾರಿಯವರೆಲ್ಲ ಅಲ್ಲೇ ಮಲಗುವುದು. ಆದರೆ ವಿದೇಶಿಯನ್ನು ಇಟ್ಟುಕೊಂಡರೆ ಠಾಣೆಗೆ ತಿಳಿಸಬೇಕಾಗುತ್ತದೆ, ಮಧ್ಯರಾತ್ರಿ ಎಬ್ಬಿಸಿ ಹೋಟೆಲಿಗೆ ಕಳಿಸುವುದೂ ಉಂಟು. ಚಾಲಕ ಮನೆಗೆ ಕರೆದರೆ ಅವನ ಹಳ್ಳಿಯ ಹಿರಿಯರಿಗೋ ಠಾಣೆಗೋ ತಿಳಿಸಿದ್ದಾನಾ ಎಂದು ಕೇಳಿ. ತಿಳಿಸದೆ ಉಳಿದರೆ ಮರುದಿನ ಉತ್ತರ ಕೊಡಬೇಕಾದವನು ಅವನೇ. ಗುಡಾರ ಹಾಕಬೇಡಿ.

ಗಾಯವಾದರೆ?

ಇಟಲಿ ಮೂಲದ ಇಮರ್ಜೆನ್ಸಿ ಸಂಸ್ಥೆಯ ಆಸ್ಪತ್ರೆಗಳು ಕಾಬೂಲ್, ಲಷ್ಕರ್‌ಗಾಹ್, ಪಂಜ್‌ಶೀರ್‌ನ ಅನಾಬಾದಲ್ಲಿವೆ. ಗುಂಡು, ಬಾಂಬ್ ಗಾಯಗಳಿಗೆ ಉಚಿತ ಶಸ್ತ್ರಚಿಕಿತ್ಸೆ. ಉಳಿದೆಡೆ ದೂರ ಹೆಚ್ಚು, ಆಂಬುಲೆನ್ಸ್ ಕಡಿಮೆ. ಆದ್ದರಿಂದ ಮೊದಲ ಅರ್ಧ ಗಂಟೆ ನಿಮ್ಮ ಕೈಯಲ್ಲೇ ಇರುತ್ತದೆ. ರಕ್ತ ತಡೆಯುವ ಬಿಗಿಪಟ್ಟಿ 2, ಒತ್ತು ಬ್ಯಾಂಡೇಜ್ 2, ಕೈಗವಸು, ಓಆರ್‌ಎಸ್ 10 ಪೊಟ್ಟಣ, ಭೇದಿಯ ಮಾತ್ರೆ, ನೀರು ಶುದ್ಧಿ ಮಾತ್ರೆ. ಬಿಗಿಪಟ್ಟಿ ಕಟ್ಟುವುದನ್ನು ಊರಲ್ಲೇ ಕಲಿತು ಹೋಗಿ. ಕಟ್ಟಿದ ಗಂಟೆಯನ್ನು ಅದರ ಮೇಲೆಯೇ ಬರೆಯಬೇಕು. ರಕ್ತದ ಗುಂಪನ್ನು ಪತ್ರದ ಪ್ರತಿಯ ಹಿಂದೆ ಬರೆದಿಡಿ.

ಮನೆಯವರಿಗೆ ಸುದ್ದಿ ಹೇಗೆ ಮುಟ್ಟಿಸುವುದು?

ಪಾಸ್‌ಪೋರ್ಟ್ ಕೊಟ್ಟು ಸ್ಥಳೀಯ ಸಿಮ್ ಪಡೆಯಿರಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಪ್ರತಿ ಲಿಫ್ಟ್ ಹತ್ತುವಾಗಲೂ ಸ್ಥಳ ಕಳಿಸುವ ಪದ್ಧತಿ ಚೆನ್ನ, ಆದರೆ ನೆಟ್‌ವರ್ಕ್ ಹೋದಾಗ ಮನೆಯಲ್ಲಿ ಏನು ಮಾಡಬೇಕೆಂಬುದನ್ನೂ ಮಾತಾಡಿಕೊಂಡಿರಿ. 2025ರ ಸೆಪ್ಟೆಂಬರ್ 29ರಿಂದ ಸುಮಾರು 48 ಗಂಟೆ ಇಡೀ ದೇಶದ ಇಂಟರ್ನೆಟ್ ಬಂದ್ ಆಗಿತ್ತು, ವಿಮಾನಗಳೂ ನಿಂತವು. ‘72 ಗಂಟೆ ಸುದ್ದಿ ಇಲ್ಲದಿದ್ದರೆ ರಾಯಭಾರ ಕಚೇರಿಗೆ ಫೋನ್ ಮಾಡಿ, ಅದಕ್ಕೂ ಮುಂಚೆ ಗಾಬರಿ ಬೇಡ’ ಎಂಬಂಥ ಒಂದು ಗಡುವು ಇಟ್ಟುಕೊಂಡರೆ ಎರಡೂ ಕಡೆಯವರಿಗೆ ನೆಮ್ಮದಿ.

ವಾಪಸ್ ಬಂದ ಮೇಲೆ ಲಿಫ್ಟ್ ಕೊಟ್ಟವರ ಫೋಟೋ, ವಿಡಿಯೋ ಹಾಕಬಹುದೇ?

ಮುಖ, ಗಾಡಿಯ ನಂಬರ್, ಮನೆ, ಹಳ್ಳಿಯ ಹೆಸರು ಒಂದೂ ಬೇಡ, ಅವರೇ ಹಾಕು ಎಂದರೂ. ಕ್ಯಾಬಿನ್ನಿನಲ್ಲಿ ಹಾಡು ಕೇಳಿಸುವ ವಿಡಿಯೋ ಅಂತೂ ಬೇಡವೇ ಬೇಡ, ಗಾಡಿಯಲ್ಲಿ ಸಂಗೀತ ಹಾಕುವುದೂ 2024ರ ನೈತಿಕತೆಯ ಕಾನೂನಿನಲ್ಲಿ ಚಾಲಕನ ಅಪರಾಧ. ಸರ್ಕಾರದ ಬಗ್ಗೆ ಚಾಲಕ ಆಡಿದ ಮಾತುಗಳನ್ನು ಹೆಸರು ಬದಲಿಸಿ ಬರೆದರೂ, ನೀವು ಯಾವ ದಿನ ಯಾವ ಚೆಕ್‌ಪೋಸ್ಟ್ ದಾಟಿದಿರೆಂಬ ದಾಖಲೆ ಅಲ್ಲಿನ ಪುಸ್ತಕದಲ್ಲಿ ಗಾಡಿಯ ನಂಬರಿನ ಪಕ್ಕದಲ್ಲೇ ಇರುತ್ತದೆ. ದಿನಾಂಕವನ್ನೂ ದಾರಿಯನ್ನೂ ಕಲಸಿಬಿಡಿ, ಅಥವಾ ಆ ಭಾಗ ಬರೆಯದೆ ಬಿಡಿ.